ಕೋಲ್ ಟ್ರೇನ್ ಹಿಡಿದು ವಾಡಿಯಿಂದ ಬೀದರಿಗೆ

ಮೊದಲ ದಿನ: ವಾಡಿ

ಹದಿಮೂರನೇ ವಯಸ್ಸಿನಿಂದ ಹದಿನೇಳರ ತನಕ ಜಾನ್ ಕೋಲ್ಟ್ರೇನ್ ಅಂದರೆ ಒಂದು ಗೂಡ್ಸ್ ಗಾಡಿ ಅಂತಲೇ ನಾನು ತಿಳಿದಿದ್ದೆ.

ಅವರು ಅಮೆರಿಕದ ಜಾಜ್ ಸಂಗೀತದ ಸ್ಯಾಕ್ಸೊಫೋನ್ ವಾದಕರು. ಆದರೂ ತಪ್ಪು ನನ್ನದಲ್ಲ. ವಾಡಿಯಲ್ಲಿ ಬೆಳೆದ ಯಾವ ಹುಡುಗನಾದರೂ ಹಾಗೇ ತಿಳಿಯುತ್ತಿದ್ದ. ಸಿಂಗರೇಣಿಯ ಕಲ್ಲಿದ್ದಲು ಹೊತ್ತ ಗಾಡಿಗಳು ಸಿಕಂದರಾಬಾದ್ ಕಡೆಯಿಂದ ಬಂದು ನಮ್ಮ ಕ್ವಾರ್ಟರ್ಸ್ ಹಿಂದೆಯೇ ನಿಲ್ಲುತ್ತಿದ್ದವು. ರೈಲ್ವೆ ಮಂದಿ ಅವನ್ನು ಕೋಲ್ ಟ್ರೇನ್ ಅಂತಿದ್ದರು. ರಾತ್ರಿ ರೇಡಿಯೊದಲ್ಲಿ ಒಬ್ಬ ಅಮೆರಿಕದವ ಗಂಭೀರವಾಗಿ 'ಜಾನ್ ಕೋಲ್ಟ್ರೇನ್' ಅಂದಾಗ, ಅಷ್ಟು ದೂರದವನಿಗೂ ನಮ್ಮೂರ ಗಾಡಿ ಗೊತ್ತಲ್ಲ ಅಂತ ಹೆಮ್ಮೆ ಪಟ್ಟಿದ್ದೆ.

ಈ ಜನವರಿ ಕೊನೆಯ ವಾರ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದೆ. ರಾಯಚೂರಿನಲ್ಲಿ ಎಚ್ಚರವಾಯಿತು. ಕೃಷ್ಣಾ ಸೇತುವೆ ಮೇಲೆ ಗಾಡಿ ಗುಡುಗಿತು. ಯಾದಗಿರಿಯಲ್ಲಿ ಚಹಾ ಕುಡಿದೆ. ವಾಡಿಯಲ್ಲಿ ಇಳಿದಾಗ ಆಗಷ್ಟೇ ಬೆಳಕಾಗುತ್ತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಕನ್ನಡ, ದಖನಿ, ತೆಲುಗು, ಮರಾಠಿ ಎಲ್ಲ ಮೊದಲಿನ ಹಾಗೇ ಕಲಸಿಕೊಂಡು ಕೇಳಿಸಿತು. ಮುಂಬೈ ಕಡೆಯ ಹಳಿಗೆ ನಿಜಾಮರ ರೈಲು 1874ರಲ್ಲಿ ಇಲ್ಲೇ ಬಂದು ಕೂಡಿಕೊಂಡಿತು. ಆಗಿನಿಂದ ಈ ಊರಲ್ಲಿ ಮೌನ ಅನ್ನುವುದಿಲ್ಲ.

ನಮ್ಮ ಕ್ವಾರ್ಟರ್ಸ್ ಇನ್ನೂ ಇದೆ, ಅರ್ಧ. ಚಾವಣಿ ಹೋಗಿದೆ. ಶಹಾಬಾದ್ ಕಲ್ಲಿನ ನೆಲ ಮಾತ್ರ ಗಟ್ಟಿ. ಹಿತ್ತಲ ಬೇವಿನ ಮರವೂ ಇದೆ. ಆ ಮರಕ್ಕೆ ಅಪ್ಪ ಏರಿಯಲ್ ವಯರ್ ಕಟ್ಟಿದ್ದರು. ಅಪ್ಪ ಗೂಡ್ಸ್ ಆಫೀಸಿನ ಗುಮಾಸ್ತರು. ಮರ್ಫಿ ರೇಡಿಯೊ ತಂದದ್ದು ವಾರ್ತೆ ಕೇಳಲಿಕ್ಕೆ. ರಾತ್ರಿ ಅವರು ಮಲಗಿದ ಮೇಲೆ ಅದು ನನ್ನದಾಗುತ್ತಿತ್ತು. ವಾಲ್ವ್ ಕಾದು ಹಸಿರು ಕಣ್ಣು ತೆರೆಯುವ ತನಕ ಕಾಯಬೇಕು. ಆಮೇಲೆ ಶಾರ್ಟ್‌ವೇವ್‌ನ ಮುಳ್ಳು ಕೂದಲೆಳೆಯಷ್ಟು ಸರಿಸುತ್ತಾ ಹೋಗಬೇಕು.

1979ರ ಒಂದು ರಾತ್ರಿ ಮುಳ್ಳು ವಾಯ್ಸ್ ಆಫ್ ಅಮೆರಿಕದ ಮೇಲೆ ನಿಂತಿತು. ವಿಲ್ಲಿಸ್ ಕಾನೋವರ್ ಅವರ ಜಾಜ್ ಕಾರ್ಯಕ್ರಮ. ತಳದಿಂದ ಬರುವ ದನಿ. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವುದರೊಳಗೆ ಒಂದು ಗುಟುಕು ನೀರು ಕುಡಿಯಬಹುದು, ಅಷ್ಟು ನಿಧಾನ. ಇಂಗ್ಲಿಷ್ ಅರೆಬರೆ ಬಲ್ಲ ನನ್ನಂಥವರಿಗೂ ತಿಳಿಯಲಿ ಅಂತಲೇ ಅವರು ಹಾಗೆ ಮಾತಾಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. 1955ರಿಂದ ಶುರುಮಾಡಿ 1996ರಲ್ಲಿ ತೀರಿಕೊಳ್ಳುವ ತನಕ ನಡೆಸಿದರು. ತಮಾಷೆ ಅಂದರೆ ಅವರ ದೇಶದಲ್ಲೇ ಅವರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಆ ರೇಡಿಯೊ ಹೊರದೇಶಕ್ಕೆ ಮಾತ್ರ. ಅಮೆರಿಕದೊಳಗೆ ಅದನ್ನು ಬಿತ್ತರಿಸಲು ಕಾನೂನು ಬಿಡುತ್ತಿರಲಿಲ್ಲ.

ಕಾರ್ಯಕ್ರಮದ ಮೊದಲು ಬರುತ್ತಿದ್ದ ಗುರುತಿನ ಹಾಡು ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ 'ಟೇಕ್ ದಿ ಏ ಟ್ರೇನ್'. ನಾನು ಅದನ್ನು 'ಏ, ಟ್ರೇನ್!' ಅಂತ ಕೇಳಿಸಿಕೊಂಡಿದ್ದೆ. ಯಾರೋ ಗಾಡಿ ತಪ್ಪಿಸಿಕೊಂಡು ಹಿಂದೆ ಓಡುತ್ತಾ ಕೂಗುವ ಹಾಗೆ. ಅದು ನ್ಯೂಯಾರ್ಕಿನ ಹಾರ್ಲೆಮ್‌ಗೆ ಹೋಗುವ ನೆಲದಡಿಯ ರೈಲಿನ ಹೆಸರು. ತಮ್ಮ ಮನೆಗೆ ಬರುವ ದಾರಿಯನ್ನು ಎಲಿಂಗ್ಟನ್ ಹೇಳಿದ್ದರು, ಅದನ್ನೇ ಅವರ ಜತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಹಾಡು ಮಾಡಿದರು. ಆ ವಯಸ್ಸಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಒಂದು ರೈಲಿನಿಂದ ಶುರು, ಮಧ್ಯೆ ಕೋಲ್ ಟ್ರೇನ್. ಇದು ರೈಲ್ವೆಯವರ ಕಾರ್ಯಕ್ರಮವೇ ಅಂತ ನಂಬಿಕೆ ಗಟ್ಟಿಯಾಯಿತು.

ಶಾರ್ಟ್‌ವೇವ್ ದನಿ ಮೇಲಿನ ಆಕಾಶಕ್ಕೆ ಬಡಿದು ತಿರುಗಿ ಬರುತ್ತದೆ. ಆ ಪದರ ಅಲುಗಿದಂತೆ ದನಿಯೂ ಉಬ್ಬುತ್ತದೆ, ಇಳಿಯುತ್ತದೆ. ಸ್ಯಾಕ್ಸೊಫೋನ್ ಹತ್ತಿರ ಬಂದು ಕಿವಿ ಕಚ್ಚಿ ಮತ್ತೆ ಚಿತ್ತಾಪುರದ ಆಚೆ ಹೋದಂತಾಗುತ್ತಿತ್ತು. ಅದರ ಮೇಲೆ ಹಿತ್ತಲಲ್ಲಿ ಶಂಟಿಂಗ್. ಎಷ್ಟೋ ವರ್ಷದ ಮೇಲೆ ಕೋಲ್ಟ್ರೇನರ 1957ರ 'ಬ್ಲೂ ಟ್ರೇನ್' ಸೀಡಿ ಕೊಂಡು ಹಾಕಿದೆ. ಚೊಕ್ಕ ದನಿ. ಅಯ್ಯೋ, ಇಷ್ಟೇನಾ ಅನಿಸಿತು. ಅಲ್ಲಿ ಗಾಳಿಯೂ ಇಲ್ಲ, ಗಾಡಿಯೂ ಇಲ್ಲ.

ಕ್ವಾರ್ಟರ್ಸ್ ಕಟ್ಟೆಯ ಮೇಲೆ ಕೂತು ಇವತ್ತು ಮತ್ತೆ ಕೇಳಿದೆ. ಮಧ್ಯೆ ಒಂದು ಗೂಡ್ಸ್ ಬಂತು. ಈಗ ಸರಿ ಹೋಯಿತು.

ಆದರೆ ನಾನು ಬಂದದ್ದು ಬರೀ ಕ್ವಾರ್ಟರ್ಸ್ ನೋಡಲಿಕ್ಕಲ್ಲ. ಒಬ್ಬರಿಗೆ ಒಂದು ಮಾತು ಹೇಳುವುದು ಬಾಕಿ ಇತ್ತು. 1980ರಲ್ಲಿ ಅಕ್ಕನ ಮದುವೆ ಇದೇ ಅಂಗಳದಲ್ಲಿ ಆಯಿತು. ಆಗಿನ ಗುಲ್ಬರ್ಗದಿಂದ ಬ್ಯಾಂಡ್ ತರಿಸಿದ್ದರು. ಅದರಲ್ಲಿ ತುತ್ತೂರಿ ಊದುತ್ತಿದ್ದವರು ನಮಗೆಲ್ಲ ಬ್ಯಾಂಡ್ ಕಾಕಾ. ಊಟಕ್ಕೆ ಮೊದಲು ಮಕ್ಕಳನ್ನು ನಗಿಸಲು ಅವರು ಒಂದು ಸ್ಟೀಲ್ ಲೋಟಾವನ್ನು ತುತ್ತೂರಿಯ ಬಾಯಿಗೆ ಹಿಡಿದು, ತೆಗೆದು, ಹಿಡಿದು ಊದಿದರು. ತುತ್ತೂರಿ ಕೂಸಿನಂತೆ ಅತ್ತಿತು. ಆಮೇಲೆ ಮುದುಕಿಯಂತೆ ಬೈದಿತು. ಮದುವೆಯಾಗಿ ಹತ್ತು ದಿನ ಆಗಿರಲಿಲ್ಲ, ರೇಡಿಯೊದಲ್ಲಿ ಎಲಿಂಗ್ಟನ್ ಬ್ಯಾಂಡಿನ ಕೂಟಿ ವಿಲಿಯಮ್ಸ್ ಊದಿದರು. ಅದೇ ಲೋಟಾ! ನಾನು ಕತ್ತಲಲ್ಲಿ ಎದ್ದು ಕೂತೆ. ನಮ್ಮ ಕಾಕಾನ ವಿದ್ಯೆ ಅಮೆರಿಕಕ್ಕೆ ಹೋಗಿದ್ದು ಹೇಗೆ?

ಅವತ್ತಿನಿಂದಲೇ ನಾನು ಜಾಜ್ ಹಿಡಿದು ಕೂತದ್ದು. ಕಾಕಾಗೆ ಈ ವಿಷಯ ಹೇಳಿರಲೇ ಇಲ್ಲ.

ಎರಡನೇ ದಿನ: ಕಲಬುರಗಿ

ಅಕ್ಕನ ಮನೆ ಬ್ರಹ್ಮಪುರದಲ್ಲಿ. ಬೆಳಿಗ್ಗೆಯೇ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ತಿಂದು ಶಹಾಬಜಾರಿಗೆ ಹೋದೆ. ಕಾಕಾ ಇರಲಿಲ್ಲ. ಬಾಗಿಲಲ್ಲಿ ಸೊಸೆ ನಿಂತಿದ್ದರು.

"ಮಾವಾರು ಆಳಂದಕ್ಕ ಮಗಳ ಮನಿಗಿ ಹೋಗ್ಯಾರ್ರಿ. ನಾಡದ ಬರ್ತಾರ."

ಅಂದರೆ ಎರಡು ದಿನ. ಸರಿ, ಬೀದರಿಗೆ ಹೋಗಿ ಬರೋಣ ಅಂತ ಅಲ್ಲೇ ಲೆಕ್ಕ ಹಾಕಿದೆ.

ಅಪ್ಪನ ಮರ್ಫಿ ಅಕ್ಕನ ಅಟ್ಟದಲ್ಲಿತ್ತು. ಸೂಪರ್ ಮಾರ್ಕೆಟ್ ಹತ್ತಿರ ಹಳೇ ರೇಡಿಯೊ ಬಿಚ್ಚಬಲ್ಲವರು ಒಬ್ಬರಿದ್ದಾರೆ ಅಂತ ಭಾವ ಹೇಳಿದರು. ಆಟೊದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರು ಹಿಂದಿನ ರಟ್ಟು ತೆಗೆದು ಇಣುಕಿ ನಕ್ಕರು. ಒಳಗೆ ಸ್ಪೀಕರೇ ಇರಲಿಲ್ಲ! ಇಪ್ಪತ್ತು ವರ್ಷದ ಹಿಂದೆ ಯಾವುದೋ ಅಂಗಡಿಗೆ ರಿಪೇರಿಗೆ ಕೊಟ್ಟಿದ್ದೆವು, ಅಲ್ಲೇ ಯಾರೋ ಬಿಚ್ಚಿಕೊಂಡಿರಬೇಕು. "ಡಬ್ಬಿ ಚಂದ ಅದರಿ, ಹೂವಿನ ಕುಂಡ ಇಡ್ರಿ" ಅಂದರು. ದುಡ್ಡು ಮುಟ್ಟಲಿಲ್ಲ.

ಮಧ್ಯಾಹ್ನ ಕೋಟೆಯ ಜಾಮಾ ಮಸೀದಿಗೆ ಹೋದೆ. 1367ರದ್ದು. ಬೇರೆ ಮಸೀದಿಗಳ ಹಾಗೆ ಇದಕ್ಕೆ ತೆರೆದ ಅಂಗಳವಿಲ್ಲ, ಪೂರ್ತಿ ಗುಮ್ಮಟಗಳ ಸೂರು. ಒಳಗೆ ಕಮಾನಿನ ಹಿಂದೆ ಕಮಾನು. ಚಪ್ಪಲಿ ಬಿಟ್ಟು ನಡೆದರೂ ಹೆಜ್ಜೆಯ ಸಪ್ಪಳ ಸ್ವಲ್ಪ ತಡವಾಗಿ ಹಿಂದೆ ಬರುತ್ತದೆ. ಅಲ್ಲಿ ನೆನಪಾದವರು ಜಾಜ್ ತುತ್ತೂರಿಯ ಮೈಲ್ಸ್ ಡೇವಿಸ್. 1959ರಲ್ಲಿ 'ಕೈಂಡ್ ಆಫ್ ಬ್ಲೂ' ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ ಒಂದು ಹಳೇ ಚರ್ಚಿನಲ್ಲಿ. ಕೊಲಂಬಿಯಾ ಕಂಪನಿ ಅದನ್ನು ಸ್ಟುಡಿಯೊ ಮಾಡಿಕೊಂಡಿತ್ತು. ಆ ಎತ್ತರದ ಸೂರಿನ ಗುಂಗು ರೆಕಾರ್ಡಿನಲ್ಲೂ ಇದೆ. ಎರಡೇ ದಿನದ ಕೂಟ, ಮಾರ್ಚಿನಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು. ಕೋಲ್ಟ್ರೇನ್ ಅದರಲ್ಲೂ ಇದ್ದಾರೆ. ಪಿಯಾನೊಗೆ ಬಿಲ್ ಎವಾನ್ಸ್, ಒಂದು ಹಾಡಿಗೆ ಮಾತ್ರ ವಿಂಟನ್ ಕೆಲ್ಲಿ.

ಆ ರೆಕಾರ್ಡ್ ಬಗ್ಗೆ ಮಾತೆತ್ತಿದರೆ ಸಾಕು, 'ಅದು ನಮ್ಮ ರಾಗವೇ ಅಲ್ವಾ' ಅನ್ನುವವರು ಸಿಗುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದರ 'ಸೋ ವಾಟ್' ಹಾಡಿನಲ್ಲಿ ಒಂದು ಸ್ವರಸಾಲು ನಾಲ್ಕು ಎಣಿಕೆಯ ಹದಿನಾರು ಅಳತೆ ನಡೆಯುತ್ತದೆ, ಅದೇ ಸಾಲು ಅರ್ಧ ಮನೆ ಮೇಲೆ ಏರಿ ಎಂಟು ಅಳತೆ, ಮತ್ತೆ ಕೆಳಗಿಳಿದು ಎಂಟು. ಒಟ್ಟು ಮೂವತ್ತೆರಡು, ಮತ್ತೆ ಮೊದಲಿಂದ. ರಾಗದಲ್ಲಿ ಷಡ್ಜ ಹೀಗೆ ಜಾಗ ಬದಲಿಸಿದರೆ ತಂಬೂರಿಯವರು ಎದ್ದು ಹೋಗುತ್ತಾರೆ. ಹೋಲಿಕೆ ಇಲ್ಲವೇ ಇಲ್ಲ ಅಂತಲ್ಲ. ಒಂದೇ ಸಾಲಿನೊಳಗೆ ಎಷ್ಟು ಹೊತ್ತಾದರೂ ಓಡಾಡುವ ಸಮಾಧಾನ ಎರಡಕ್ಕೂ ಇದೆ. ಕೋಲ್ಟ್ರೇನ್ ರವಿಶಂಕರ್ ಅವರನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತ ಹೆಸರಿಟ್ಟರು. ಆದರೂ ನೆಂಟಸ್ತನ ಬೇರೆ, ಒಂದೇ ಮನೆಯವರಾಗುವುದು ಬೇರೆ.

ರಾತ್ರಿ ಅಕ್ಕ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಒಂದೊಂದೇ ಹಾಕಿದೆ. ಕೋಲ್ಟ್ರೇನ್‌ಗೆ "ಯಾಕಿಷ್ಟು ಚೀರ್ತಾನ ಇಂವ?" ಅಂದಳು. ಥಲೋನಿಯಸ್ ಮಾಂಕ್ ಪಿಯಾನೊಗೆ "ಕಲಿಲಕತ್ತಾನೇನು?" ಅಂದಳು. ಬಿಲ್ಲಿ ಹಾಲಿಡೇ ಶುರುವಾದಾಗ ಕೈ ನಿಂತಿತು.

"ಈಕಿ ಬೀಸೋ ಪದ ಹಾಡ್ಲಕತ್ತಾಳೇನು?"

ನಾನು ನಕ್ಕೆ. ಅವಳು ನಗಲಿಲ್ಲ. "ನೋಡು, ಹಿಂದ ಬಾಜಾ ತನ್ನ ಪಾಡಿಗಿ ಹೊಂಟದ. ಈಕಿ ಹಿಂದ ಉಳದು ಆರಾಮ ಬರ್ಲಕತ್ತಾಳ. ಅವ್ವ ಬೀಸೂ ಮುಂದ ಹಿಂಗೇ ಅಲ್ಲೇನು? ಕಲ್ಲು ತನ್ನ ಪಾಡಿಗಿ ತಿರಗ್ತಿತ್ತು, ಪದ ತನ್ನ ಪಾಡಿಗಿ."

ಹಾಲಿಡೇ ತಾಳದ ಹಿಂದೆ ಹಿಂದೆ ಹಾಡುತ್ತಾರೆ ಅಂತ ನಾನು ನಲವತ್ತು ವರ್ಷ ಪುಸ್ತಕದಲ್ಲಿ ಓದಿದ್ದನ್ನು ಅಕ್ಕ ಸೊಪ್ಪು ಬಿಡಿಸುತ್ತಾ ಹೇಳಿಬಿಟ್ಟಳು. ಆಕೆ 1959ರ ಜುಲೈ 17ರಂದು ತೀರಿಕೊಂಡರು ಅಂದೆ. ಕೋಲ್ಟ್ರೇನ್ ತೀರಿಕೊಂಡದ್ದೂ ಅದೇ ತಾರೀಖು, ಎಂಟು ವರ್ಷದ ಮೇಲೆ, ನಲವತ್ತನೇ ವಯಸ್ಸಿಗೆ. "ಚೀರ್ತಿದ್ದನಲ್ಲ, ಅಂವನಾ? ಪಾಪ" ಅಂದಳು.

ಮೂರನೇ ದಿನ: ಬೀದರ್

ನಾನು ಹುಡುಗನಾಗಿದ್ದಾಗ ಬೀದರಿಗೆ ಹುಮನಾಬಾದ್ ಮೇಲೆ ಬಸ್ಸೇ ಗತಿ. ಕಲಬುರಗಿಯಿಂದ ನೇರ ರೈಲು ಬಂದದ್ದು 2017ರಲ್ಲಿ. ಕಮಲಾಪುರದ ಆಸುಪಾಸು ಕೆಂಪು ಬಾಳೆ, ಆಮೇಲೆ ತೊಗರಿ ಕೊಯ್ದ ಹೊಲಗಳು. ಮರಗುತ್ತಿ ಸುರಂಗದಲ್ಲಿ ಹುಡುಗರೆಲ್ಲ ಓ ಅಂತ ಕೂಗಿದರು. ನಾನೂ ಕೂಗಿದೆ, ಕೊಂಚ ಸಣ್ಣಗೆ.

ಕಿವಿಯಲ್ಲಿ ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್' ಇತ್ತು. ಪಾಲ್ ಡೆಸ್ಮಂಡ್ ಬರೆದದ್ದು, ಐದರ ಲೆಕ್ಕ. ತಕಿಟ ತಕ, ತಕಿಟ ತಕ. ಈ ತಂಡ 1958ರಲ್ಲಿ ಭಾರತಕ್ಕೂ ಬಂದಿತ್ತು. ಮದರಾಸಿನಲ್ಲಿ ಮೃದಂಗದ ಪಳನಿ ಸುಬ್ರಮಣ್ಯ ಪಿಳ್ಳೈ ಅವರ ಜತೆ ಕೂತು ನುಡಿಸಿತ್ತು. ಮರುವರ್ಷವೇ ಐದರ ಹಾಡು. ಪಿಳ್ಳೈ ಅವರಿಂದಲೇ ಐದು ಬಂತು ಅಂತ ನಾನು ಹೇಳಲಾರೆ. ಆದರೆ ಹಳಿಯ ಸಪ್ಪಳಕ್ಕೆ ಐದನ್ನು ಕೂಡಿಸಲು ಅರ್ಧ ದಾರಿ ಒದ್ದಾಡಿದೆ. ಕೂಡಲಿಲ್ಲ. ಪಕ್ಕದವರು ನನ್ನ ತೊಡೆ ತಟ್ಟುವಿಕೆ ನೋಡಿ ಕಿಟಕಿ ಕಡೆ ಸರಿದು ಕೂತರು.

ಬೀದರಿನಲ್ಲಿ ಮೊದಲು ಬಿದರಿ ಕೆಲಸದವರ ಓಣಿ. ಸತು ಜಾಸ್ತಿ, ತಾಮ್ರ ಕಮ್ಮಿ. ಆ ಎರಕದ ಮೇಲೆ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಬೆರೆಸಿ ಕಾಯಿಸಿದ ನೀರಿನಲ್ಲಿ ಇಟ್ಟರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದು ಚಿಕ್ಕ ಹೂದಾನಿ ಕೈಗೆತ್ತಿಕೊಂಡೆ. ಬೆಳ್ಳಿ ತುಂಬ ಕಡಿಮೆ ಇತ್ತು. ಇದು ಅಗ್ಗದ್ದಾ ಅಂತ ಕೇಳಿದೆ.

"ಇದೇ ತುಟ್ಟಿರಿ ಸಾಹೇಬ್ರ" ಅಂದರು ಕೆಲಸ ಮಾಡುತ್ತಿದ್ದ ಹಿರಿಯರು, ತಲೆ ಎತ್ತದೆ. "ತುಂಬ ಬೆಳ್ಳಿ ಇದ್ರ ತಪ್ಪು ಮುಚ್ಚಿಹೋಗ್ತದ. ಇದ್ರಾಗ ಒಂದು ಗೆರಿ ಸೊಟ್ಟಾದ್ರೂ ಕಾಣ್ತದ."

ಕಮ್ಮಿ ಸ್ವರದಲ್ಲೇ ಮುಗಿಸುವ ಮೈಲ್ಸ್ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ಹೂದಾನಿ ಕೊಂಡೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಸಂಜೆ ಕೋಟೆ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನು ಕಾವಲಿನವರು ಬಾಗಿಲು ತೆರೆದು ತೋರಿಸಿದರು. ಹೊರಗೆ ಬಂದು ಗೋಡೆಗೆ ಒರಗಿದ್ದೆ, ಎದುರಿನ ಮರದಲ್ಲಿ ಒಂದು ಗೊರವಂಕ ಕೂಗಿತು. ಎರಡು ಸಿಳ್ಳು, ಒಂದು ಗೊರಗೊರ, ಮತ್ತೆ ಸಿಳ್ಳು.

ಎಲಿಂಗ್ಟನ್ ತಂಡ 1963ರಲ್ಲಿ ಭಾರತಕ್ಕೆ ಬಂದಿತ್ತು. ದಿಲ್ಲಿಯಲ್ಲಿ ಎಲಿಂಗ್ಟನ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಆ ದಿನಗಳಲ್ಲಿ ಸ್ಟ್ರೇಹಾರ್ನ್ ಕಿವಿಗೆ ಒಂದು ಗೊರವಂಕದ ಕೂಗು ಬಿತ್ತು. ಅದು 'ಬ್ಲೂಬರ್ಡ್ ಆಫ್ ಡೆಲ್ಲಿ' ಆಯಿತು. ಜಿಮ್ಮಿ ಹ್ಯಾಮಿಲ್ಟನ್ ಕ್ಲಾರಿನೆಟ್‌ನಲ್ಲಿ ಆ ಹಕ್ಕಿಯ ಮಾತನ್ನೇ ಊದುತ್ತಾರೆ. ದೊಡ್ಡ ದೊಡ್ಡವರು ಭಾರತ ನೋಡಲು ಬಂದು ತಾಜ್ ಮಹಲ್ ನೋಡಿ ಹೋದರು, ಈ ಮನುಷ್ಯ ಗೊರವಂಕ ಕೇಳಿಸಿಕೊಂಡು ಹೋದ. ನನ್ನ ಅಚ್ಚುಮೆಚ್ಚಿನವರ ಸಾಲಲ್ಲಿ ಸ್ಟ್ರೇಹಾರ್ನ್ ಮುಂದೆ ಇರುವುದು ಇದಕ್ಕೇ. ಹೆಸರು ಯಾವಾಗಲೂ ಎಲಿಂಗ್ಟನ್‌ದೇ ದೊಡ್ಡದಾಗಿ ಕಾಣುತ್ತಿತ್ತು, ಅರ್ಧ ಕೆಲಸ ಇವರದು.

ಫೋನ್ ತೆಗೆದು ಆ ಹಾಡನ್ನು ಹಕ್ಕಿಗೆ ಕೇಳಿಸಿದೆ. ಹಾರಿಹೋಯಿತು.

ನಾಲ್ಕನೇ ದಿನ: ಮತ್ತೆ ಕಲಬುರಗಿ

ಬೆಳಗಿನ ಗಾಡಿಗೆ ಹೊರಟು ಮಧ್ಯಾಹ್ನ ಶಹಾಬಜಾರಿಗೆ ಬಂದೆ. ಕೈಯಲ್ಲಿ ಒಂದು ಪೊಟ್ಟಣ ಮಾಲಪುರಿ. ಕಲಬುರಗಿಯಲ್ಲಿ ದೊಡ್ಡವರನ್ನು ಕಾಣಲು ಹೋಗುವಾಗ ಇದಕ್ಕಿಂತ ಒಳ್ಳೇದು ಇನ್ನೇನು ಒಯ್ಯುವುದು?

ಕಾಕಾ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಎಂಬತ್ತು ದಾಟಿದೆ. ನನ್ನ ಗುರುತು ಸಿಗಲಿಲ್ಲ. ವಾಡಿ, ಗೂಡ್ಸ್ ಆಫೀಸ್, ಅಕ್ಕನ ಮದುವೆ ಅಂದ ಮೇಲೆ, "ಓಹೋ, ಹೋಳಿಗಿ ಕಮ್ಮಿ ಬಿದ್ದಿದ್ದವಲ್ಲ, ಆ ಮದಿವಿ!" ಅಂದರು. ಹೋಳಿಗೆ ಕಮ್ಮಿ ಬಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಅವರು ನಕ್ಕಾಗ ನೋಡಿದೆ. ಬಾಯಲ್ಲಿ ಒಂದೂ ಹಲ್ಲಿಲ್ಲ.

"ಹಲ್ಲು ಹೋದ್ವು, ಊದೋದು ಹೋತು. ತುಟಿ ಹಿಂದ ಗ್ವಾಡಿ ಬೇಕಲ್ಲ ತಮ್ಮಾ. ಕಟ್ಟಿಸಿದ ಹಲ್ಲ ಹಾಕ್ಕೊಂಡು ಊದಿ ನೋಡ್ದೆ. ಹಲ್ಲೇ ತುತ್ತೂರ್ಯಾಗ ಹೋದ್ವು." ತಾವೇ ಜೋರಾಗಿ ನಕ್ಕರು.

ಆಗ ನನಗೆ ಕಿಂಗ್ ಆಲಿವರ್ ನೆನಪಾದರು. ಜೋ ಆಲಿವರ್, ನ್ಯೂ ಆರ್ಲಿಯನ್ಸ್‌ನವರು. ಅದು ಬ್ಯಾಂಡುಗಳ ಊರು. ಹೆಣದ ಜತೆ ಹೋಗುವಾಗ ನಿಧಾನದ ಹಾಡು, ಮಣ್ಣು ಮಾಡಿ ಬರುವಾಗ ಕುಣಿಯುವ ಹಾಡು. ಆಲಿವರ್ ತುತ್ತೂರಿಯಂಥ ಕಾರ್ನೆಟ್ ಊದುತ್ತಿದ್ದರು. ಬಟ್ಟಲು, ಬಾಟಲಿ, ಗ್ಲಾಸು, ಕೈಗೆ ಸಿಕ್ಕಿದ್ದನ್ನು ಅದರ ಬಾಯಿಗೆ ಹಿಡಿದು ಮಾತಾಡಿಸುತ್ತಿದ್ದರು. 1922ರಲ್ಲಿ ತಮ್ಮೂರ ಹುಡುಗನೊಬ್ಬನನ್ನು ಶಿಕಾಗೊಗೆ ಕರೆಸಿ ತಮ್ಮ ಪಕ್ಕ ಕೂರಿಸಿಕೊಂಡರು. ಮುಂದೆ ಜಗತ್ತಿಗೇ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್. ಆಮೇಲೆ ಆಲಿವರ್‌ಗೆ ವಸಡಿನ ಕಾಯಿಲೆ ಹತ್ತಿತು. ಹಲ್ಲು ಹೋದವು. ಊದುವುದು ನಿಂತಿತು. ಸವಾನಾ ಅನ್ನುವ ಊರಲ್ಲಿ ಒಂದು ಬಿಲಿಯರ್ಡ್ಸ್ ಆಟದ ಮನೆಯ ಕಸ ಗುಡಿಸುತ್ತಾ 1938ರಲ್ಲಿ ತೀರಿಕೊಂಡರು.

ಇದನ್ನು ಕಾಕಾಗೆ ಹೇಳಲೋ ಬೇಡವೋ ಅಂತ ಹಿಂದೆಮುಂದೆ ನೋಡಿದೆ. ಹೇಳಿದೆ. ಕೊನೆಯ ಭಾಗ ಮಾತ್ರ ಬಿಟ್ಟೆ.

"ಅಂವನೂ ಲೋಟಾ ಹಿಡೀತಿದ್ದನೇನು?" ಅಂದರು.

"ನೀವೇ ಕೇಳ್ರಿ ಕಾಕಾ."

'ಡಿಪ್ಪರ್ ಮೌತ್ ಬ್ಲೂಸ್' ಹಾಕಿದೆ. ಸೌಟಿನಂಥ ಬಾಯಿ ಅಂತ ಅರ್ಥ, ಆರ್ಮ್‌ಸ್ಟ್ರಾಂಗ್‌ಗೆ ಗೆಳೆಯರು ಇಟ್ಟ ಅಡ್ಡಹೆಸರು. 1923ರ ಏಪ್ರಿಲ್‌ನಲ್ಲಿ ಇಂಡಿಯಾನಾದ ರಿಚ್ಮಂಡ್ ಊರಲ್ಲಿ ಮಾಡಿದ ರೆಕಾರ್ಡು. ಆ ಸ್ಟುಡಿಯೊ ರೈಲು ಹಳಿಯ ಪಕ್ಕದಲ್ಲೇ ಇತ್ತು. ಗಾಡಿ ಬಂದರೆ ಕೆಲಸ ನಿಲ್ಲಿಸಿ ಕೂರಬೇಕಿತ್ತು. ಮೈಕ್ ಇಲ್ಲದ ಕಾಲ. ಎಲ್ಲರೂ ಒಂದು ದೊಡ್ಡ ಕೊಂಬಿನ ಮುಂದೆ ನಿಂತು ಊದಬೇಕು. ಆರ್ಮ್‌ಸ್ಟ್ರಾಂಗ್ ದನಿ ಎಲ್ಲರನ್ನೂ ಮುಚ್ಚುತ್ತದೆ ಅಂತ ಅವರನ್ನು ದೂರ ಹಿಂದೆ ನಿಲ್ಲಿಸಿದ್ದರಂತೆ.

ಕಾಕಾ ಫೋನನ್ನು ಕಿವಿಗೆ ಒತ್ತಿ ಹಿಡಿದರು. ರೆಕಾರ್ಡಿನ ಕರಕರ ನನಗೂ ಕೇಳಿಸುತ್ತಿತ್ತು. ಆಲಿವರ್ ಸರದಿ ಬಂತು. ವಾ ವಾ ಅಂತ ಕಾರ್ನೆಟ್ ಅಳತೊಡಗಿತು. ಕಾಕಾನ ಎಡಗೈ ತಾನಾಗಿ ಮೇಲೆ ಬಂತು. ಇಲ್ಲದ ಲೋಟಾ ಹಿಡಿದು ಮುಚ್ಚಿತು, ತೆರೆಯಿತು, ಮುಚ್ಚಿತು. ಸೊಸೆ ಚಹಾ ತಂದವರು ಬಾಗಿಲಲ್ಲೇ ನಿಂತರು.

ಹಾಡು ಮೂರು ನಿಮಿಷವೂ ಇಲ್ಲ. ಮುಗಿಯಿತು. ನಾನು ಹೇಳಬೇಕೆಂದುಕೊಂಡು ಬಂದ ಮಾತು ಹೇಳಿದೆ. ಅವತ್ತು ನೀವು ಊದಿದ್ದಕ್ಕೇ ನನಗೆ ಈ ಹುಚ್ಚು ಹಿಡಿಯಿತು ಕಾಕಾ, ಅಂತ. ಅವರು ಕೇಳಿಸಿಕೊಂಡರೋ ಇಲ್ಲವೋ.

"ಇನ್ನೊಮ್ಮಿ ಹಚ್ಚು" ಅಂದರು.

ಹಚ್ಚಿದೆ. ಈ ಸಲ ಕಣ್ಣು ಮುಚ್ಚಿ ಕೇಳಿದರು. ಶುರುವಿನಲ್ಲೇ ಕೈಯೆತ್ತಿ ನನ್ನನ್ನು ತಡೆದರು, ನಾನೇನೂ ಮಾತಾಡದಿದ್ದರೂ.

"ಹಿಂದ ಇನ್ನೊಬ್ಬ ಊದ್ಲಕತ್ತಾನಲ್ಲ, ದೂರ ನಿಂತು. ಅಂವ ಯಾರು?"

"ಅಂವ ಹುಡುಗ, ಕಾಕಾ. ಇಪ್ಪತ್ತೊಂದು ವರ್ಷ. ಅದೇ ಮೊದಲ ರೆಕಾರ್ಡು."

"ಹೂಂ" ಅಂದರು. "ಅಂವನ್ನ ಮುಂದ ಕರೀಬೇಕಾಗಿತ್ತು."

ಚಹಾ ಆರಿಹೋಗಿತ್ತು. ಸೊಸೆ ಮತ್ತೆ ಕಾಯಿಸಿ ತಂದರು. ರಾತ್ರಿ ಗಾಡಿಗೆ ಇನ್ನೂ ಹೊತ್ತಿತ್ತು. ಕಾಕಾ ಮಾಲಪುರಿಯನ್ನು ಹಾಲಲ್ಲಿ ನೆನೆಸಿಕೊಂಡು ತಿನ್ನುತ್ತಾ ಫೋನನ್ನು ನನ್ನ ಕಡೆ ತಳ್ಳಿದರು. "ಅಂವಂದು ಬ್ಯಾರೆ ಏನರ ಇದ್ರ ಹಚ್ಚು" ಅಂದರು.